ಕೂರಿಸುವವಳು

ಚಂದ್ರಶೇಖರಯ್ಯ ಬಾಗಿಲ ಹೊರಗೇ ನಿಂತು ಎದೆ ತುಂಬ ಉಸಿರೆಳೆದುಕೊಂಡ, ಬಾಯಿ ಬಿಗಿದ, ಆಮೇಲೆ ಸೌದೆ ಕೊಟ್ಟಿಗೆಯ ಅಗಳಿ ತೆಗೆದ. ಒಳಗೆ ಹೆಂಡತಿ ಗಂಗಾಂಬಿಕೆ ನಿಂತಿದ್ದಳು. ನಿನ್ನೆ ಎಲ್ಲಿದ್ದಳೋ ಅಲ್ಲೇ, ಒಟ್ಟಿದ ಹುಣಸೆ ಸೌದೆಗೂ ಗೋಡೆಗೂ ನಡುವೆ, ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡು, ಯಾರೋ ಕೂಸು ಕೊಡುತ್ತಾರೆ, ಈಸಿಕೊಳ್ಳಬೇಕು ಅನ್ನುವ ಹಾಗೆ. ಸತ್ತು ನಾಲ್ಕು ದಿನ ತುಂಬಿ ಇವತ್ತು ಐದನೆಯದು. ಹಣೆಯ ಮೇಲೆ ನಿನ್ನೆಯ ವಿಭೂತಿ ಪುಡಿಯಾಗಿ ಹುಬ್ಬಿನ ಮೇಲೆ ಉದುರಿತ್ತು. ಅವನು ಮೂರು ಬೆರಳನ್ನು ಅದ್ದಿ ಎಡದಿಂದ ಬಲಕ್ಕೆ ಎಳೆದ. ತಣ್ಣಗಿತ್ತು ಹಣೆ. ಅಯ್ಯೋ ಶಿವನೆ, ಮೂವತ್ತೊಂದು ವರ್ಷ ಸಂಸಾರ ಮಾಡಿದವನು ಇವಳ ಹಣೆಯನ್ನು ನಾಲ್ಕು ದಿನ ಬಿಡದೆ ಮುಟ್ಟಿದ್ದು ಇದೇ ಮೊದಲು. ಬಲ ಹುಬ್ಬಿನ ಕೊನೆಗೆ ಒಂದು ಸಣ್ಣ ಗಾಯದ ಕಲೆಯಿತ್ತು. ಯಾವಾಗ ಆದದ್ದು, ಹೇಗೆ ಆದದ್ದು, ಕೇಳಿರಲಿಲ್ಲ. ಕೇಳೋಣವೆಂದರೆ ಬಾಯಿ ತೆಗೆಯುವ ಹಾಗಿಲ್ಲ. ಬಾಯಿ ತೆಗೆದರೆ ಉಸಿರು ಹೊರಗೆ ಬರುತ್ತದೆ, ಉಸಿರು ಬಂದ ಕಡೆಗೆ ಅವಳು ಜಿಗಿಯುತ್ತಾಳೆ. ಎದೆ ಒಡೆದುಹೋಗುತ್ತದೆ ಅನ್ನಿಸುವವರೆಗೂ ಆ ಕಲೆಯನ್ನೇ ನೋಡುತ್ತ ನಿಂತು, ಓಡಿ ಹೊರಗೆ ಬಂದು, ಹಿತ್ತಿಲ ಕಲ್ಲಿನ ಮೇಲೆ ಕುಸಿದು ಏದುಸಿರು ಬಿಟ್ಟ. ಪಕ್ಕದ ಮನೆಯ ಹಿತ್ತಿಲಲ್ಲಿ ದಾಕ್ಷಾಯಣಮ್ಮ ಬಟ್ಟೆ ಹರವುತ್ತಿದ್ದಳು. ನೋಡಿದಳು, ಮುಖ ತಿರುಗಿಸಿಕೊಂಡಳು.

ಸೆಟೆಬೇನೆ ಅಂತ ಅದಕ್ಕೆ ಜನ ಇಟ್ಟ ಹೆಸರು. ಮೂರು ದಿನ ಜ್ವರ, ಆಮೇಲೆ ಬೆರಳು ಸೆಟೆಯುತ್ತದೆ, ಮೊಣಕೈ, ಮಂಡಿ, ಕೊನೆಗೆ ದವಡೆ; ಉಗುರು, ಮುಖ ಹಸಿರುಗಟ್ಟುತ್ತವೆ. ಪ್ರಾಣ ಹೋಯಿತು ಅಂತ ಮನೆಯವರು ಅತ್ತು ಮುಗಿಸುವಷ್ಟರಲ್ಲಿ ಹೆಣ ಎದ್ದು ನಿಲ್ಲುತ್ತದೆ. ಮಂಡಿ ಮಡಚುವುದಿಲ್ಲ, ಅದಕ್ಕೇ ಜಿಗಿಯುವುದು. ಕಚ್ಚುವುದಿಲ್ಲ, ಹೊಡೆಯುವುದಿಲ್ಲ. ನಮ್ಮ ಮುಖದ ಹತ್ತಿರ ಮುಖ ತಂದು ಉಸಿರು ಕುಡಿಯುತ್ತದೆ, ಅಷ್ಟೆ. ಕುಡಿಸಿಕೊಂಡವನಿಗೆ ಹತ್ತು ದಿನದಲ್ಲಿ ಹೆಬ್ಬೆರಳು ಸೆಟೆಯುತ್ತದೆ. ಬರ್ಮಾದ ಯುದ್ಧದಿಂದ ವಾಪಸು ಬಂದ ಒಬ್ಬ ಸಿಪಾಯಿ ಚನ್ನರಾಯಪಟ್ಟಣದಲ್ಲಿ ಮೊದಲು ನಿಂತನಂತೆ. ಹಾಸನದ ಸಂತೆಗೆ ಸೈಕಲ್ಲಿನ ಮೇಲೆ ರೇಷ್ಮೆ ಬಟ್ಟೆ ಹೇರಿಕೊಂಡು ಬರುತ್ತಿದ್ದ ಚೀನಾದವನೊಬ್ಬ ಅದನ್ನು ನೋಡಿ, ನಮ್ಮ ದೇಶದಲ್ಲಿ ಇದು ಅಜ್ಜನ ಕಾಲದಿಂದ ಇದೆ, ಇವರಿಗೆ ಎತ್ತರದ ಹೊಸಲು ದಾಟಲಾಗುವುದಿಲ್ಲ, ಹಣೆಗೆ ಹಳದಿ ಕಾಗದದ ಮೇಲೆ ಮಂತ್ರ ಬರೆದು ಅಂಟಿಸಿದರೆ ಸುಮ್ಮನೆ ನಿಲ್ಲುತ್ತಾರೆ ಅಂದನಂತೆ. ಹಳದಿ ಕಾಗದ ಎಲ್ಲಿ ತರುವುದು, ಸೀಮೆಎಣ್ಣೆಯೇ ಸಿಗದ ಕಾಲ. ಚಂದ್ರಶೇಖರಯ್ಯ ವಿಭೂತಿ ಬಳಿದು ನೋಡಿದ. ನಿಂತರು. ಆ ದಿನ ಮಲ್ಲಿಪಟ್ಟಣದ ಜನ ಅವನ ಕಾಲಿಗೆ ಬಿದ್ದ ರೀತಿ! ಅವನೂ ಸುಮ್ಮನೆ ಬೀಳಿಸಿಕೊಂಡ. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ನಿಲ್ಲಿಸಿದರೆ ಮುಗಿಯಿತೇ? ಲಿಂಗವಂತರ ಹೆಣ ಕೂರಬೇಕು. ಮಂಡಿ ಮಡಚಿ, ಚಕ್ಕಂಬಕ್ಕಳ ಹಾಕಿ, ಅಂಗೈಯಲ್ಲಿ ಲಿಂಗ ಹಿಡಿದು, ಗುಣಿಯ ಗೂಡಿನೊಳಗೆ ಪೂಜೆಗೆ ಕೂತ ಹಾಗೇ ಕೂರಬೇಕು. ಅದಕ್ಕೆ ಮೊದಲು ಅಯ್ಯನವರು ಬಂದು ಸತ್ತವರ ತಲೆಯ ಮೇಲೆ ಪಾದ ಇಡಬೇಕು. ಆ ಪಾದ ಚಂದ್ರಶೇಖರಯ್ಯನದು. ಅವನ ಅಪ್ಪ ಇಟ್ಟಿದ್ದ, ಅಜ್ಜ ಇಟ್ಟಿದ್ದ. ಸುತ್ತ ಹದಿನಾಲ್ಕು ಹಳ್ಳಿಯ ತಲೆಗಳ ಮೇಲೆ ಇಟ್ಟ ಪಾದವನ್ನು ಅವನು ಈಗ ಕಲ್ಲಿನ ಮೇಲೆ ಕೂತು ನೋಡಿಕೊಂಡ. ಹಿಮ್ಮಡಿ ಬಿರಿದಿತ್ತು. ದಿನಾ ಮಲಗುವ ಮುಂಚೆ ಗಂಗಾಂಬಿಕೆ ಅದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದಳು. ತಿಕ್ಕುವಾಗ ಅವನು ಇನ್ನೇನನ್ನೋ ಯೋಚಿಸುತ್ತಿದ್ದ. ಕೂರದೆ ನಿಂತ ಹೆಣಕ್ಕೆ ಪಾದವಿಲ್ಲ, ಗುಣಿಯಿಲ್ಲ. ಹಾಗೆ ಉಳಿದವರನ್ನು ಐದನೆಯ ದಿನ ಸೂರ್ಯ ಮುಳುಗುವುದರೊಳಗೆ, ಸೆಟೆಬೇನೆಗೆಂದು ಸರ್ಕಾರ ಊರಾಚೆ ಹಾಕಿಸಿದ ಕ್ಯಾಂಪಿನವರು ಗಾಡಿಯಲ್ಲಿ ಹೇರಿಕೊಂಡು ಹೋಗಿ ಸುಡುತ್ತಾರೆ, ಸೌದೆಯ ಜೊತೆ ಸೌದೆಯಾಗಿ. ಗಂಗಾಂಬಿಕೆಯನ್ನು ಕೊಂಡೊಯ್ಯಲು ಗಾಡಿ ಇವತ್ತು ಸಂಜೆಗೆ ಬರುವುದಿತ್ತು. ಬೆಂಕಿ ಕಂಡರೇ ಹೆದರುವವಳು. ಒಲೆಯ ಕೊಳ್ಳಿ ಸಿಡಿದರೆ ಮಾರು ದೂರ ಹಾರುತ್ತಿದ್ದಳು.

ಕೂರಿಸಲು ಅವನು ಪ್ರಯತ್ನಪಡದೆ ಇರಲಿಲ್ಲ. ಹೋದ ತಿಂಗಳು ಮೇಗಲಬೀದಿಯ ಮಂಚಯ್ಯನ ಹೆಣಕ್ಕೆ ಹಗ್ಗ ಕಟ್ಟಿ, ನಾಲ್ಕು ಜನ ಹೆಗಲು ಅದುಮಿ, ಒಬ್ಬ ಮಂಡಿಯ ಹಿಂದೆ ಒನಕೆ ಕೊಟ್ಟು ಎಳೆದಾಗ ಲಟ್ಟನೆ ಮುರಿದದ್ದು ಮೊಣಕಾಲು. ಆ ಸದ್ದು ಇವತ್ತಿಗೂ ಊಟಕ್ಕೆ ಕೂತಾಗ ಕೇಳುತ್ತದೆ, ಹಪ್ಪಳ ಮುರಿದರೂ ಸಾಕು. ಆಮೇಲೆ ದಾಕ್ಷಾಯಣಮ್ಮನ ಗಂಡ ಚಂದ್ರಯ್ಯ ನಿಂತ. ಅವತ್ತು ಆ ಮನೆಯ ಅಂಗಳದಾಚೆ, ಬೇವಿನ ಮರದ ಕೆಳಗೆ, ಸೆರಗು ಹೊದ್ದುಕೊಂಡು ಸೂಲಗಿತ್ತಿ ಹೊನ್ನಕ್ಕ ಬಂದು ನಿಂತಿದ್ದಳು. ಹೊಲಗೇರಿಯವಳು. ಮೇಲುಗೇರಿಯವರ ಬಾಯಲ್ಲಿ ಹೊನ್ನಿ. ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಕೈಗೇ. ‘ಬುದ್ದೀ, ಕೊರವಂಗಲದಲ್ಲಿ ನಮ್ಮೋರ ಪೈಕಿ ಇಬ್ರು ನಿಂತಿದ್ರು, ನಾನು ಕೂರುಸ್ಬುಟ್ಟು ಬಂದೆ. ಅದೇನು ಕಷ್ಟ ಅಲ್ಲ ಕಣ್ ಬುದ್ದಿ. ಕೂಸ್ಗೆ ನೀರು ಉಯ್ಯಾಕಿಲ್ವಾ, ಅಂಗೇಯ. ಇವರ್ನೂ ನೋಡ್ಲಾ?’ ಅಂದಿದ್ದಳು. ಎಲ್ಲರೂ ಚಂದ್ರಶೇಖರಯ್ಯನ ಮುಖ ನೋಡಿದರು. ದಾಕ್ಷಾಯಣಮ್ಮ ನೋಡಿದ್ದಳಲ್ಲ, ಆ ನೋಟ! ಅವನು ಹೊನ್ನಕ್ಕನ ಕಡೆ ತಿರುಗದೆ, ಜನದ ಕಡೆಗೆ ಹೇಳಿದ: ‘ಅವಳು ಮುಟ್ಟಿದ ತಲೆ ಮೇಲೆ ನಾನು ಪಾದ ಇಡೋದಿಲ್ಲ.’ ಧ್ವನಿ ಗಟ್ಟಿಯಾಗಿಯೇ ಇತ್ತು. ಹೊನ್ನಕ್ಕ ಸುಮ್ಮನೆ ಹೋದಳು. ಮೂರು ದಿನ ಕಳೆದು ಚಂದ್ರಯ್ಯನನ್ನು ಗಾಡಿಗೆ ಹೇರಿದರು. ಊರಾಚೆಯಿಂದ ಹೊಗೆ ಎದ್ದಾಗ ಚಂದ್ರಶೇಖರಯ್ಯ ಮನೆಯೊಳಗೆ ಕೂತು ಮಜ್ಜಿಗೆ ಅನ್ನ ಉಣ್ಣುತ್ತಿದ್ದ. ಗಂಗಾಂಬಿಕೆ ಬಡಿಸುತ್ತಿದ್ದವಳು ಸೌಟನ್ನು ಕೆಳಗಿಟ್ಟು, ‘ಹೊನ್ನಕ್ಕನ್ನ ಕರೀಬಹುದಾಗಿತ್ತು’ ಅಂದಳು. ಅವನು ಇನ್ನೊಂದು ಸಲ ಮಜ್ಜಿಗೆ ಕೇಳಿದ, ಅವಳು ಬಡಿಸಿದಳು. ಹೆಂಡತಿ ಮಾತ್ರ ಆ ಸೂಲಗಿತ್ತಿಯನ್ನು ಯಾವತ್ತೂ ಹೊನ್ನಿ ಅಂದವಳಲ್ಲ.

ಕಲ್ಲಿನ ಮೇಲಿಂದ ಎದ್ದಾಗ ಬಿಸಿಲು ತೊಟ್ಟಿಯ ಅಂಚಿಗೆ ಬಂದಿತ್ತು. ಎದ್ದದ್ದೇಕೆ ಅಂತ ತನಗೆ ತಾನೇ ಹೇಳಿಕೊಳ್ಳದೆ ನಡೆದ. ಚಪ್ಪಲಿ ಮೆಟ್ಟಲಿಲ್ಲ, ಹೆಗಲ ಮೇಲೆ ಶಲ್ಯವಿಲ್ಲ. ಚಾವಡಿಯ ಹತ್ತಿರ ಇಬ್ಬರು ಎದ್ದು ಕೈಮುಗಿದರು, ಎಲ್ಲಿಗೆ ಅಯ್ನೋರೆ ಅಂದರು. ತೋಟದ ಕಡೆ ಅಂದ. ಹೆಂಡತಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಂಡವನು ತೋಟಕ್ಕೆ ಹೋಗುತ್ತಾನೆಯೇ? ಅವರು ನಂಬಿದ ಹಾಗೆ ಮಾಡಿದರು, ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಕೆರೆಯ ಏರಿ ದಾಟಿದ ಮೇಲೆ ಕೇರಿ. ಐವತ್ತಾರು ವರ್ಷ ಇದೇ ಊರಲ್ಲಿ ಬದುಕಿದವನಿಗೆ ಅದರ ಮನೆಗಳಲ್ಲಿ ಒಂದರ ಬಾಗಿಲು ಎತ್ತ ಮುಖ ಮಾಡಿದೆ ಅನ್ನುವುದೂ ಗೊತ್ತಿರಲಿಲ್ಲ. ಓಣಿಯ ಬಾಯಲ್ಲಿ ನಿಂತ. ರಾಗಿ ಬೀಸುತ್ತಿದ್ದ ಕಲ್ಲಿನ ಸದ್ದು ನಿಂತಿತು. ಹೆಂಗಸರು ಒಬ್ಬೊಬ್ಬರೇ ಒಳಗೆ ಸರಿದರು, ಏನು ತಪ್ಪಾಯಿತೋ, ಯಾರ ಮೇಲೆ ದೂರು ತಂದರೋ ಅಂತ. ಒಂದು ನಾಯಿ ಬಂದು ಅವನ ಪಾದ ಮೂಸಿ ನೋಡಿತು. ‘ಏ ಹೊನ್ನೀ’ ಅಂತ ಕೂಗಿದ. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಬೇಕೆಂದೇ ಬರುತ್ತಿಲ್ಲ ಅಂತ ಸಿಟ್ಟು ಬಂತು, ಬಾರದೆ ಇರುವ ಹಕ್ಕು ಅವಳಿಗೆ ಇದೆ ಅನ್ನಿಸಿ ಸಿಟ್ಟು ಇಳಿಯಿತು, ಮತ್ತೆ ಮನೆಗೆ ಹೋಗಿಬಿಡೋಣ ಅನ್ನಿಸಿತು, ಹಿಂದೆ ತಿರುಗಿಯೂ ಬಿಟ್ಟ. ಎರಡು ಕೈ ಚಾಚಿ ನಿಂತವಳು ಕಣ್ಣಿಗೆ ಕಟ್ಟಿದಳು.

‘ಹೊನ್ನಕ್ಕಾ!’

ಕೂಗಿದ್ದು ತಾನೇ ಅಂತ ಅವನಿಗೆ ತಕ್ಷಣ ತಿಳಿಯಲಿಲ್ಲ. ಮೂರನೆಯ ಮನೆಯಿಂದ ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಗಿಡ್ಡ ಹೆಂಗಸು, ಮುಂದಲೆಯೆಲ್ಲ ಬೆಳ್ಳಗೆ, ಮುಂದಿನ ಎರಡು ಹಲ್ಲಿಲ್ಲ. ಯಾರು ಕರೆದರೂ ಅವಳು ಮೊದಲು ಕೇಳುವ ಮಾತನ್ನೇ ಕೇಳಿದಳು.

‘ಯಾರ್ಗೆ ನೋವು ಬಂದದೆ ಬುದ್ದಿ?’

ಚಂದ್ರಶೇಖರಯ್ಯ ತನ್ನ ಮನೆಯ ಕಡೆಗೆ ಕೈ ಮಾಡಿದ.

ಅವಳೇ ಅವನ ಮುಖ ನೋಡಿ ತಿಳಿದುಕೊಂಡಳು. ‘ಅಮ್ಮಾರಾ? ನಿಂತವ್ರೆ ಅಂತ ಕೇಳಿದ್ದೆ. ಎಸ್ಟು ದಿನ ಆಯ್ತು?’

‘ನಾಲ್ಕು. ಸಂಜೆಗೆ ಗಾಡಿ ಬರ್ತದೆ.’

‘ಮನೇಲಿ ಅರಳೆಣ್ಣೆ ಅದಾ?’

‘ಇದೆ.’

‘ಒಂದ್ ಸೇರಾದ್ರೂ ಬೇಕಾಯ್ತದೆ ಕಣ್ ಬುದ್ದಿ. ಬಿಸಿನೀರು ಬೇಕು. ನಡೀರಿ, ಬತ್ತೀನಿ.’ ನಾಲ್ಕು ಹೆಜ್ಜೆ ಬಂದ ಮೇಲೆ, ಬೇರೇನನ್ನೋ ಹೇಳುವವಳ ಹಾಗೆ ಹೇಳಿದಳು: ‘ಚಂದ್ರಯ್ಯನೋರ್ಗೂ ಇಸ್ಟೇ ಬೇಕಾಗಿದ್ದುದ್ದು.’ ಅಷ್ಟೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈದರೆ ಉತ್ತರ ಕೊಡಬಹುದು, ಎತ್ತರಿಸಿ ಮಾತಾಡಬಹುದು. ಈ ಹೆಂಗಸು ಅದಕ್ಕೂ ಜಾಗ ಬಿಡಲಿಲ್ಲ.

ಹಾದಿಯುದ್ದಕ್ಕೂ ಅವಳು ಹತ್ತು ಮಾರು ಹಿಂದೆಯೇ ಬಂದಳು. ಅವನು ನಿಧಾನ ಮಾಡಿದರೆ ಅವಳೂ ನಿಧಾನ ಮಾಡುತ್ತಿದ್ದಳು. ಮನೆ ಮುಂದೆ ಬಂದಾಗ ಅಭ್ಯಾಸದಿಂದ ಅವಳ ಕಾಲು ಹಿತ್ತಿಲ ದಾರಿಗೆ ತಿರುಗಿತು. ಇಪ್ಪತ್ತಾರು ವರ್ಷದ ಹಿಂದೆಯೂ ಹೀಗೇ, ಇದೇ ಹಿತ್ತಿಲಿನಿಂದಲೇ ಬಂದಿದ್ದಳು. ಎರಡು ದಿನದ ಹೆರಿಗೆ ನೋವು, ಗಂಗಾಂಬಿಕೆಯ ಕೂಗು, ಜಗುಲಿಯ ಮೇಲೆ ಕೂತು ಅವನು ಲಿಂಗ ಹಿಡಿದುಕೊಂಡದ್ದು, ಹಿಡಿದುಕೊಂಡೇ ಬೆವತದ್ದು. ಆಮೇಲೆ ಒಳಗೆ ಎಲ್ಲ ನಿಶ್ಶಬ್ದ. ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ ಅಳು. ಹೊನ್ನಕ್ಕ ಹೊರಗೆ ಬಂದು ಮುಖ ಒರೆಸಿಕೊಳ್ಳುತ್ತ, ‘ಎಣ್ಮಗ ಬುದ್ದಿ. ಉಸುರಿರ್ನಿಲ್ಲ. ನಾನೇ ಬಾಯಿಗೆ ಬಾಯಿ ಇಟ್ಟು ಊದ್ದೆ’ ಅಂದಳು. ಅವನು ಏನು ಮಾಡಿದ? ಒಂದು ಮೊರ ಅಕ್ಕಿ, ಅದರ ಮೇಲೆ ಒಂದು ತೆಂಗಿನಕಾಯಿ ಇಟ್ಟು ದೂರದಿಂದ ಸರಿಸಿದ. ಆಮೇಲೆ ಮನೆಯನ್ನೆಲ್ಲ ಸಗಣಿಯಲ್ಲಿ ಸಾರಿಸಿದರು. ಆ ಶಾಂತಕುಮಾರಿ ಇವತ್ತು ಹೊಳೆನರಸೀಪುರದಲ್ಲಿ ಮೂರು ಮಕ್ಕಳ ತಾಯಿ. ಸೆಟೆಬೇನೆ ಹರಡದಿರಲೆಂದು ರಸ್ತೆಗೆ ಅಡ್ಡ ಕಟ್ಟಿದ್ದಾರೆ, ತಾಯಿಯ ಮುಖ ನೋಡಲೂ ಬರಲಾಗಿಲ್ಲ. ಮಗಳು ಎಳೆದ ಮೊದಲ ಉಸಿರು ಹೊನ್ನಕ್ಕನದು. ಸಾರಿಸಿದ್ದು ನೆಲವನ್ನು. ಉಸಿರನ್ನು ಸಾರಿಸಲಾಗುತ್ತದೆಯೇ? ಇಪ್ಪತ್ತಾರು ವರ್ಷ ಇದು ತನಗೆ ಹೊಳೆಯಲೇ ಇಲ್ಲವಲ್ಲ, ಎಂಥ ಮರದ ತಲೆ ತನ್ನದು ಅಂದುಕೊಂಡ.

‘ಮುಂಬಾಗಿಲಿಂದ ಬಾ ಹೊನ್ನಕ್ಕ’ ಅಂದ.

ಅವಳು ಹೊಸಲನ್ನು ನೋಡಿದಳು, ಅವನನ್ನು ನೋಡಿದಳು. ‘ಕೊಟ್ಗೆ ಇರಾದು ಇತ್ಲಲ್ಲಿ ಅಲ್ವಾ? ಸುತ್ತಿ ಯಾಕೆ ಓಗಾದು, ಒತ್ತಾಯ್ತದೆ’ ಅಂದು ಹಿತ್ತಿಲಿಗೇ ನಡೆದಳು.

ಕೊಟ್ಟಿಗೆಯ ಬಾಗಿಲಲ್ಲಿ ಅವನು ಎದೆ ತುಂಬಿಕೊಂಡು ಬಾಯಿ ಬಿಗಿದ. ಹೊನ್ನಕ್ಕ ಏನನ್ನೂ ಬಿಗಿಯಲಿಲ್ಲ. ಸೀದಾ ಒಳಗೆ ಹೋದವಳೇ ಗಂಗಾಂಬಿಕೆಯ ಮುಖದ ಮುಂದೆ ನಿಂತು ಮಾತಿಗೆ ಶುರುಮಾಡಿಬಿಟ್ಟಳು. ‘ಏನ್ರವ್ವಾ, ಇಂಗೆ ನಿಂತ್ಬುಟ್ರಲ್ಲ. ಕಾಲು ನೋಯಾಕಿಲ್ವಾ? ನಾಕು ದಿನದಿಂದ ನಿಂತವ್ರೆ ನಮ್ಮವ್ವ.’ ಗಂಗಾಂಬಿಕೆಯ ತಲೆ ಅಲುಗಿತು. ವಿಭೂತಿ ಬಿರಿಯಿತು. ಒಂದು ಜಿಗಿತ, ಸೌದೆ ಉರುಳಿತು, ಹೆಂಡತಿಯ ಮುಖ ಹೊನ್ನಕ್ಕನ ಮುಖಕ್ಕೆ ಹತ್ತಿರ ಬಂತು. ಚಂದ್ರಶೇಖರಯ್ಯ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಹೊನ್ನಕ್ಕ ಹಿಂದೆ ಸರಿಯಲಿಲ್ಲ. ‘ತಕ್ಕಳಿ, ತಕ್ಕಳಿ’ ಅಂದಳು, ಹಸಿದ ಕೂಸಿಗೆ ಅನ್ನುವ ಹಾಗೆ. ‘ಎಸ್ಟು ಬೇಕೋ ತಕ್ಕಳಿ. ನನ್ನತ್ರ ಬೇಕಾದಸ್ಟದೆ.’ ಇಂಥ ಧೈರ್ಯವನ್ನು ಅವನು ಪುರಾಣದಲ್ಲಿ ಓದಿ ಊರಿಗೆಲ್ಲ ಹೇಳಿದ್ದ, ಕಣ್ಣಲ್ಲಿ ಕಂಡಿರಲಿಲ್ಲ. ಅದು ಒಂದು ಮಾಸಿದ ಸೀರೆ ಉಟ್ಟು, ಹಲ್ಲಿಲ್ಲದ ಬಾಯಲ್ಲಿ ಹರಟುತ್ತ ನಿಂತಿತ್ತು.

ಹೊರಗೆ ಬಂದು ಉಸಿರು ತೆಗೆದುಕೊಂಡು ಮತ್ತೆ ಇಣುಕಿದಾಗ ಅವಳು ನೆಲದ ಮೇಲೆ ಗೋಣಿತಾಟು ಹಾಸಿ, ಸೀರೆ ಎತ್ತಿಕಟ್ಟಿ, ಎರಡು ಕಾಲನ್ನೂ ಮುಂದಕ್ಕೆ ನೀಡಿ ಕೂತಿದ್ದಳು. ಬಾಣಂತಿಮನೆಯಲ್ಲಿ ಕೂಸಿಗೆ ನೀರೆರೆಯಲು ಕೂರುವುದು ಹಾಗೇ. ‘ಈಗ ಅಮ್ಮಾರನ್ನ ನನ್ ಕಾಲ್ಮ್ಯಾಲೆ ಒರಗಿಸ್ಬೇಕು. ಬನ್ನಿ ಬುದ್ದಿ, ಹಿಡ್ಕಳಿ.’

ಚಂದ್ರಶೇಖರಯ್ಯ ಕದಲಲಿಲ್ಲ.

‘ನಾನೊಬ್ಳೇ ಮಾಡಾಕೆ ಆಗಾಕಿಲ್ಲ ಬುದ್ದಿ’ ಅಂದಳು. ಬಲಗೈ ಎತ್ತಿ ತೋರಿಸಿದಳು. ಹೆಬ್ಬೆರಳು ನೆಟ್ಟಗೆ ನಿಂತಿತ್ತು, ಉಗುರಿನ ಬುಡ ಹಸಿರುಗಟ್ಟಿತ್ತು. ‘ಮೊನ್ನೆಯಿಂದ ಇಂಗೇ. ಒಂದು ಕೈ ಹಿಡಿತ ಇಲ್ಲ.’

‘ಗೊತ್ತಿದ್ದೂ ಬಂದೆಯಾ?’ ಅಂದ. ಉಸಿರು ಕಟ್ಟುವುದನ್ನು ಮರೆತಿದ್ದ.

‘ಬರ್ದೆ? ನೀವು ಕರುದ್ರಲ್ಲ.’ ನಕ್ಕಳು. ‘ಉಟ್ದಾಗ ಊದಿ ಊದಿ ಎಸ್ಟು ಜನಕ್ಕೆ ಕೊಟ್ಟಿವ್ನಿ. ಇವ್ರು ಒಸಿ ತಕ್ಕಂಡ್ರೆ ಕಮ್ಮಿ ಆದದಾ? ಬನ್ನಿ, ಎಡಗಾಲು ನೀವು ಹಿಡೀರಿ. ಬಲ ಆಕ್ಬ್ಯಾಡಿ. ಬಲ ಕಂಡ್ರೆ ಇನ್ನೂ ಸೆಟೀತವೆ.’

ಅವನು ಹೋದ. ಹೇಗೆ ಹೋದ ಅಂತ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇಬ್ಬರೂ ಸೇರಿ ಗಂಗಾಂಬಿಕೆಯನ್ನು ಹಲಗೆ ಒರಗಿಸಿದ ಹಾಗೆ ಹೊನ್ನಕ್ಕನ ಕಾಲ ಮೇಲೆ ಒರಗಿಸಿದರು. ಹೊನ್ನಕ್ಕನ ಭುಜವೂ ಅವನ ಭುಜವೂ ತಾಗಿದವು. ಹೊನ್ನಕ್ಕ ಅವನು ತಂದಿಟ್ಟಿದ್ದ ಹರಳೆಣ್ಣೆಯನ್ನು ಅಂಗೈಗೆ ಸುರಿದುಕೊಂಡು ಮೊದಲು ಕಿವಿಯ ಹಿಂದೆ, ಆಮೇಲೆ ಕುತ್ತಿಗೆ, ಹೆಗಲು ನೀವಿದಳು. ಅವಳು ಮಾಡಿದ್ದನ್ನು ನೋಡಿ ಅವನೂ ಎಡ ಮಂಡಿಗೆ ಎಣ್ಣೆ ಹಚ್ಚಿದ. ಮೂವತ್ತೊಂದು ವರ್ಷ ತನ್ನ ಹಿಮ್ಮಡಿಗೆ ಎಣ್ಣೆ ತಿಕ್ಕಿದವಳ ಮಂಡಿ. ಕಲ್ಲಾಗಿತ್ತು. ‘ಮಾತಾಡಿ ಬುದ್ದಿ’ ಅಂದಳು ಹೊನ್ನಕ್ಕ. ‘ಬಾಯ್ ಮುಚ್ಕಂಡು ಮಡಚುದ್ರೆ ಯಾರು ಮಡಚ್ಕತಾರೆ?’ ಏನು ಮಾತಾಡುವುದು? ಊರಿಗೆಲ್ಲ ಪುರಾಣ ಹೇಳುವವನಿಗೆ ಹೆಂಡತಿಗೆ ಹೇಳಲು ಒಂದು ಮಾತೂ ಇರಲಿಲ್ಲ. ಕೊನೆಗೆ, ‘ಹುಬ್ಬಿನ ಹತ್ರ ಈ ಗಾಯ ಯಾವಾಗ ಮಾಡಿಕೊಂಡೆ?’ ಅಂತ ಕೇಳಿದ. ಹೆಂಡತಿಯ ಮುಖ ಅವನ ಉಸಿರಿನ ಕಡೆಗೆ ತಿರುಗಿತು. ಹೊನ್ನಕ್ಕನೇ ಉತ್ತರ ಕೊಟ್ಟಳು: ‘ಅದಾ? ಶಾಂತವ್ವ ಉಟ್ದಾಗ ನೋವಿನಾಗೆ ಗ್ವಾಡೆಗೆ ತಲೆ ಬಡ್ಕಂಡಿದ್ರು. ನಾನೇ ಅರಿಶಿನ ಮೆತ್ತಿದ್ದೆ.’

ಎಣ್ಣೆ ಹಿಡಿಯುತ್ತಿತ್ತು, ನೀರು ಬೇಕಾಗಿತ್ತು. ನಾಲ್ಕು ದಿನದಿಂದ ಅವನ ಮನೆಯ ಒಲೆ ಹೊತ್ತಿರಲಿಲ್ಲ. ಅದು ನೆನಪಾಗಿ ಎದ್ದು ಬಾಗಿಲಿಗೆ ಬಂದರೆ ಎದುರಿಗೆ ದಾಕ್ಷಾಯಣಮ್ಮ. ಹಬೆಯಾಡುವ ತಾಮ್ರದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು, ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಇನ್ನೊಂದು ಕೈಯಲ್ಲಿ ಒಂದು ಸಣ್ಣ ಕುಡಿಕೆ. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಕೊಡವನ್ನು ಒಳಗೆ ಹೊನ್ನಕ್ಕನ ಪಕ್ಕ ಇಟ್ಟು ಬಂದಳು. ಕುಡಿಕೆಯನ್ನು ಅವನ ಮುಂದೆ ಹಿಡಿದಳು. ಬೂದಿ. ಅದು ಯಾರ ಬೂದಿ ಅಂತ ಕೇಳಬೇಕಾಗಿರಲಿಲ್ಲ.

‘ಇವರನ್ನೂ ಕೂರಿಸಿ ಅಯ್ನೋರೆ’ ಅಂದಳು.

ಅವನು ತಲೆ ತಗ್ಗಿಸಿದ.

‘ಆಗಲ್ಲ, ಅಲ್ವಾ? ಇದಕ್ಕೆ ಮಂಡಿ ಇಲ್ಲವಲ್ಲ.’ ದನಿ ಏರಿಸಲಿಲ್ಲ, ಕಣ್ಣಲ್ಲಿ ನೀರಿರಲಿಲ್ಲ. ‘ನೀವು ಅವತ್ತು ಸುಮ್ಮನಿದ್ದಿದ್ರೂ ಸಾಕಾಗಿತ್ತು’ ಅಂದು ಕುಡಿಕೆಯನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತಳು. ತಪ್ಪಾಯಿತು ಅಂದ. ಅಂದದ್ದು ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು. ಇನ್ನೊಂದು ಸಲ ಗಟ್ಟಿಯಾಗಿ ಅಂದ. ದಾಕ್ಷಾಯಣಮ್ಮ, ‘ನೀರು ಆರುತ್ತೆ, ಹೋಗಿ’ ಅಂದಳು.

ಎಲ್ಲಕ್ಕೂ ಮೊದಲು ಮಡಚಿದ್ದು ಬಲಗೈ. ಮೊಣಕೈ ಸುತ್ತ ಬಿಸಿನೀರು ಹುಯ್ದು, ಹೊನ್ನಕ್ಕ ನಾಲ್ಕು ಬೆರಳಿನಿಂದ ನೀವುತ್ತ ನೀವುತ್ತ ಅದನ್ನು ಎದೆಯ ಮೇಲೆ ತಂದಳು. ಆಮೇಲೆ ಎಡಗೈ. ಕೂಸಿಗೆ ಮಾಡುವ ಹಾಗೇ ಬಲಗೈಯನ್ನೂ ಎಡಗಾಲನ್ನೂ ಓರೆಯಾಗಿ ಕೂಡಿಸುವುದು, ಬಿಡುವುದು, ಎಡಗೈಯನ್ನೂ ಬಲಗಾಲನ್ನೂ ಕೂಡಿಸುವುದು, ಬಿಡುವುದು. ಮಂಡಿ ಒಂದು ಬೆರಳಷ್ಟು ಬಗ್ಗಿತು. ‘ಅಂಗೆ, ಅಂಗೇ ನಮ್ಮವ್ವ. ಇನ್ನೊಂದು ಚೂರು. ಆ ಕಡೆ ಹಟ ಮಾಡ್ತದೆ ನೋಡಿ ಬುದ್ದಿ, ಅದ್ನ ಒಸಿ ಮಾತಾಡ್ಸಿ.’ ಅವನು ಮಾತಾಡಿಸಿದ. ಏನೇನೋ ಹೇಳಿದ. ಮಜ್ಜಿಗೆ ಬಡಿಸುವಾಗ ಅವಳು ಆಡಿದ ಮಾತು ಕೇಳಿಸಿತ್ತು, ಕೇಳಿಸದವನ ಹಾಗೆ ಉಂಡೆ ಅಂದ. ಮಾತು ಆಡುತ್ತ ಆಡುತ್ತ ಅವನ ಉಸಿರೆಲ್ಲ ಅವಳ ಮುಖದ ಮೇಲೆ ಹೋಗುತ್ತಿತ್ತು, ಹೋಗಲಿ ಅನ್ನಿಸಿತು. ಬಿಸಿಲು ಪಡುವಣಕ್ಕೆ ಇಳಿಯುವ ಹೊತ್ತಿಗೆ ಅವನ ಅಂಗೈಯ ಕೆಳಗೆ ಎಡ ಮಂಡಿ ಸದ್ದಿಲ್ಲದೆ ಮಡಚಿಕೊಂಡಿತು. ಗಂಗಾಂಬಿಕೆ ಕೂತಳು. ಕೂತವಳು ಬಾಯಿ ತೆರೆದು, ನಾಲ್ಕು ದಿನದಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟಳು. ಮುಖದ ಹಸಿರು ಇಳಿಯಿತು. ಕೆಲಸ ಮುಗಿಸಿ ಕೂತಾಗ ಇರುತ್ತಿದ್ದ ಮುಖ ಬಂತು. ಚಂದ್ರಶೇಖರಯ್ಯ ಮೊದಲ ಸಲ ಗಟ್ಟಿಯಾಗಿ ಅತ್ತ. ಹೊನ್ನಕ್ಕ ಸೆರಗಿನಲ್ಲಿ ಗಂಗಾಂಬಿಕೆಯ ಕಾಲಿನ ಎಣ್ಣೆ ಒರೆಸುತ್ತ, ‘ಅಳಿ ಬುದ್ದಿ, ಈಗ ಅಳ್ಬೌದು’ ಅಂದಳು.

ಗಾಡಿ ಬಂತು, ಖಾಲಿ ಹೋಯಿತು. ಹೊನ್ನಕ್ಕನ ತಮ್ಮ ಬೋರಪ್ಪ ಗುಣಿ ತೋಡಿದ. ಬೀದಿಯ ನಾಲ್ಕು ಜನ ಬಂದು ದೂರ ನಿಂತರು. ಹೊನ್ನಕ್ಕ ಮುಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಅಯ್ಯನವರು ಈಗ ಏನು ಮಾಡುತ್ತಾರೆ ಅಂತ ನೋಡಲೆಂದೇ ಬಂದಿದ್ದರು. ಅವನು ಗುಣಿಗೆ ಇಳಿದ. ಪಾದ ಎತ್ತಲು ನೋಡಿದ. ಬಿರುಕು ಬಿಟ್ಟ ಹಿಮ್ಮಡಿ ಕಣ್ಣಿಗೆ ಬಿತ್ತು. ಪಾದವನ್ನು ಕೆಳಗಿಟ್ಟು, ಬಗ್ಗಿ, ಎಣ್ಣೆಯ ಅಂಗೈಯನ್ನು ಹೆಂಡತಿಯ ತಲೆಯ ಮೇಲೆ ಇಟ್ಟ. ‘ಪಾದ, ಅಯ್ನೋರೆ’ ಅಂದರು ಯಾರೋ ಮೇಲಿನಿಂದ. ‘ಇಷ್ಟೇ’ ಅಂದ ಚಂದ್ರಶೇಖರಯ್ಯ.

ಮರುದಿನ ಅವನೇ ಕೇರಿಗೆ ಹೋಗಿ ಹೊನ್ನಕ್ಕನನ್ನು ಕರೆದುಕೊಂಡು ಮೇಗಲಬೀದಿಗೆ ಬಂದ. ಅದರ ಮರುದಿನವೂ ಬಂದ. ಹನ್ನೊಂದು ದಿನದಲ್ಲಿ ಇಬ್ಬರೂ ಸೇರಿ ಏಳು ಜನರನ್ನು ಕೂರಿಸಿದರು. ಎರಡು ಮನೆಯವರು ಬಾಗಿಲು ಹಾಕಿಕೊಂಡರು, ಮೂರನೆಯ ದಿನ ತೆರೆದರು. ಸೆಟೆತ ಅವಳ ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಏರುತ್ತಿತ್ತು. ಅವಳ ಕೈ ಸೋತಷ್ಟೂ ಅವನ ಕೈ ಕಲಿಯಿತು. ‘ಅಯ್ನೋರ ಕೈ ಅದವಾಗಿ ಬತ್ತಾ ಅದೆ, ಇನ್ನೊಂದು ತಿಂಗ್ಳು ನನ್ ಜತೆ ಇದ್ರೆ ಎರಿಗೆನೂ ಮಾಡ್ತೀರಿ’ ಅಂತ ಅವಳು ಗೇಲಿ ಮಾಡಿದರೆ, ಜೀವಮಾನದಲ್ಲಿ ಯಾರಿಂದಲೂ ಗೇಲಿ ಮಾಡಿಸಿಕೊಳ್ಳದವನು ನಕ್ಕುಬಿಡುತ್ತಿದ್ದ. ಅವನ ಬೆರಳುಗಳು ಮಾತ್ರ ಬಗ್ಗುತ್ತಲೇ ಇದ್ದವು. ಬೆಳಿಗ್ಗೆ ಎದ್ದ ಕೂಡಲೆ ಮಡಚಿ ನೋಡಿಕೊಳ್ಳುತ್ತಿದ್ದ, ಅವಳ ಪಾಲಿಗೆ ಬಂದದ್ದು ತನಗೇಕೆ ಬರಲಿಲ್ಲ ಅಂತ ನಾಚುತ್ತಿದ್ದ. ಒಂದು ದಿನ ಅವಳು, ‘ನಾನು ನಿಂತ್ರೆ ಪಾದಗೀದ ಏನೂ ಬ್ಯಾಡ ಬುದ್ದಿ. ಮಂಡಿ ಒಂದು ಮಡಚ್ಬುಡಿ. ನಿಂತ್ಕಂಡು ನಿಂತ್ಕಂಡೇ ಆಯಸ್ಸು ಕಳೀತು’ ಅಂದಳು.

ಅವಳು ನಿಂತ ದಿನ ಬೋರಪ್ಪ ಬಂದು ಜಗುಲಿಯ ಕೆಳಗೆ ನಿಂತ. ಚಂದ್ರಶೇಖರಯ್ಯ ಎಣ್ಣೆಯ ಗಿಂಡಿ ತೆಗೆದುಕೊಂಡು ಹೊರಟ. ಕೇರಿಯ ಮೂರನೆಯ ಮನೆಯ ಬಾಗಿಲು ಮೂಡಲಿಗೆ ಮುಖ ಮಾಡಿತ್ತು. ತಗ್ಗಿನ ಬಾಗಿಲು, ತಲೆ ಬಗ್ಗಿಸಿ ಒಳಗೆ ಹೋದ. ಹೊನ್ನಕ್ಕ ಒರಳಿನ ಪಕ್ಕ ಎರಡು ಕೈ ಚಾಚಿ ನಿಂತಿದ್ದಳು. ಅವನು ಉಸಿರು ಕಟ್ಟಲಿಲ್ಲ. ‘ಏನು ಹೊನ್ನಕ್ಕ, ಇಲ್ಲೂ ನಿಂತೇ ಇದ್ದೀಯಾ?’ ಅಂತ ಮಾತಾಡಿಸುತ್ತ ಪಂಚೆ ಎತ್ತಿಕಟ್ಟಿ, ನೆಲದ ಮೇಲೆ ಕಾಲು ನೀಡಿ ಕೂತ. ಬೋರಪ್ಪ ಅವಳನ್ನು ಒರಗಿಸಿಕೊಟ್ಟ. ಸುತ್ತ ನಿಂತ ಕೇರಿಯ ಹೆಂಗಸರು ಅಯ್ಯಯ್ಯೋ ಅಂದರು. ಅವನು ಅವಳ ಎರಡು ಪಾದವನ್ನೂ ತೊಡೆಯ ಮೇಲೆ ಎಳೆದುಕೊಂಡ. ಕೆಸರು, ಮುಳ್ಳು, ಹಾದಿ ತುಳಿದ ಪಾದ. ತನ್ನದಕ್ಕಿಂತ ಹೆಚ್ಚು ಬಿರಿದಿತ್ತು. ಮೊದಲು ಹಿಮ್ಮಡಿಗೆ ಎಣ್ಣೆ ಹಚ್ಚಿದ, ಆಮೇಲೆ ಮಂಡಿಗೆ. ಯಾರೋ ಪಕ್ಕದಲ್ಲಿ ಕೊಡ ಇಟ್ಟರು. ತಲೆಯೆತ್ತಿದರೆ ದಾಕ್ಷಾಯಣಮ್ಮ. ಅವನ ಮುಖ ನೋಡಲಿಲ್ಲ ಅವಳು. ಮುಂದೆಯೂ ನೋಡುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ನೀರು ಮುಟ್ಟಿ ನೋಡಿದ, ಹದವಾಗಿತ್ತು.

ಹೊತ್ತು ಹಿಡಿಯಿತು. ಕಡೆಗೂ ಹೊನ್ನಕ್ಕ ಕೂತಳು. ಅವನ ಮುಖದ ಮೇಲೇ ಉಸಿರು ಬಿಟ್ಟಳು, ರಾಗಿ ಹಿಟ್ಟಿನ ವಾಸನೆಯ ಉಸಿರು. ಅವನು ಮುಖ ತಿರುಗಿಸಲಿಲ್ಲ.

ಬೋರಪ್ಪ ಕಣ್ಣು ಒರೆಸಿಕೊಂಡು ಹತ್ತಿರ ಬಂದ. ಅಕ್ಕ ಬೇಡವೆಂದಿದ್ದಳು, ಅದು ಅವನಿಗೂ ಗೊತ್ತಿತ್ತು. ಆದರೂ ಆಸೆ. ‘ಬುದ್ದೀ, ಪಾದ ಇಡ್ತೀರಾ?’ ಅಂತ ಕೇಳಿದ.

ಚಂದ್ರಶೇಖರಯ್ಯ ಏಳಲು ನೋಡಿದ. ಹೊನ್ನಕ್ಕನ ಭಾರದ ಕೆಳಗೆ ಅವನ ಎರಡು ಕಾಲೂ ಜೋಮು ಹಿಡಿದಿದ್ದವು.

‘ಕಾಲು ಏಳ್ತಿಲ್ಲ ಬೋರಪ್ಪ’ ಅಂದ. ‘ಇನ್ನೊಂದು ಗಳಿಗೆ ಹೀಗೇ ಕೂತಿರಲಿ.’